ಆನ್‌ಲೈನ್ ಹಣದಾಟದ ಕಂಪನಿಗಳು ಎದುರಿಸಿದ ಕಾನೂನು ಅಪಾಯಗಳು: ನಾಗರಿಕರು ಅರಿತಿರಬೇಕಾದ ಸಂಗತಿಗಳು

(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದ ನಾಗರಿಕರ ಅವಗಾಹನೆಗಾಗಿ)

ಮೊಬೈಲ್ ದೂರವಾಣಿಯಲ್ಲಿ ಹಣ ತೊಡಗಿಸಿ ಆಡುವ ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ ಮುಂತಾದ ಆಟಗಳನ್ನು ನಡೆಸುವ ಕಂಪನಿಗಳು 2021 ರಿಂದೀಚೆಗೆ ಹಲವು ಬಾರಿ ಕಾನೂನಿನ ಬದಲಾವಣೆಯನ್ನು ಎದುರಿಸಿವೆ. ಇದು ಬೆಂಗಳೂರು, ಮುಂಬಯಿಗಳ ಕಂಪನಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ತೋರಬಹುದು. ಆದರೆ ಕಂಪನಿಯ ವಾಲೆಟ್‌ನಲ್ಲಿ ಹಣ ಇಟ್ಟವರು, ಅದರ ಪರವಾಗಿ ಪ್ರಚಾರ ಮಾಡುವವರು ಹಾಗೂ ಹಣ ರವಾನೆಗೆ ತಮ್ಮ ಬ್ಯಾಂಕ್ ಖಾತೆಯನ್ನು ನೀಡುವವರು ಇದೇ ಅಪಾಯದಲ್ಲಿ ಪಾಲುದಾರರಾಗುತ್ತಾರೆ. ಈ ಹಿನ್ನೆಲೆಯಲ್ಲಿ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ರಾಜ್ಯದ ಕಾನೂನು ಮತ್ತು ಉಚ್ಚ ನ್ಯಾಯಾಲಯದ ತೀರ್ಪು

ಕರ್ನಾಟಕ ಪೊಲೀಸ್ ಅಧಿನಿಯಮ, 1963 ಕ್ಕೆ ಮಾಡಲಾದ ತಿದ್ದುಪಡಿಯು ದಿನಾಂಕ 5-10-2021 ರಿಂದ ಜಾರಿಗೆ ಬಂದಿತು. ಕೌಶಲದ ಆಟವಾಗಿದ್ದರೂ ಹಣ ಪಣಕ್ಕಿಟ್ಟು ಆನ್‌ಲೈನ್‌ನಲ್ಲಿ ಆಡುವುದನ್ನು ಸದರಿ ತಿದ್ದುಪಡಿಯು ನಿಷೇಧಿಸಿತ್ತು. ಅದೇ ತಿಂಗಳಿನಲ್ಲಿ ಡ್ರೀಮ್11 ಕಂಪನಿಯು ರಾಜ್ಯದಲ್ಲಿ ತನ್ನ ಸೇವೆಯನ್ನು ಸ್ಥಗಿತಗೊಳಿಸಿತು. ದಿನಾಂಕ 14-2-2022 ರಂದು ಕರ್ನಾಟಕ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು, ಕೌಶಲದ ಆಟ ಹಾಗೂ ಅದೃಷ್ಟದ ಆಟಗಳ ನಡುವಿನ ವ್ಯತ್ಯಾಸವನ್ನು ಎತ್ತಿಹಿಡಿದು, ಸಂಬಂಧಿಸಿದ ಉಪಬಂಧಗಳನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು. ಕಂಪನಿಗಳ ಮುಂದಿನ ವ್ಯವಹಾರವೆಲ್ಲ ಈ ವ್ಯತ್ಯಾಸದ ಆಧಾರದ ಮೇಲೆಯೇ ನಿಂತಿತು.

2. ತೆರಿಗೆಯ ಹೊರೆ

ಬೆಂಗಳೂರಿನ ಗೇಮ್ಸ್‌ಕ್ರಾಫ್ಟ್ ಕಂಪನಿಗೆ ಸೆಪ್ಟೆಂಬರ್ 2022 ರಲ್ಲಿ ಸುಮಾರು 21,000 ಕೋಟಿ ರೂಪಾಯಿಗಳ ಸರಕು ಮತ್ತು ಸೇವಾ ತೆರಿಗೆಯ ಬೇಡಿಕೆಯನ್ನು ತಿಳಿಸಲಾಯಿತು. ತೆರಿಗೆ ವಿಧಿಸಬೇಕಾದದ್ದು ಕಂಪನಿ ಪಡೆಯುವ ಶುಲ್ಕದ ಮೇಲೋ ಅಥವಾ ಆಟಗಾರರು ತೊಡಗಿಸಿದ ಒಟ್ಟು ಹಣದ ಮೇಲೋ ಎಂಬುದೇ ಇಲ್ಲಿನ ವಿವಾದ. ಉದಾಹರಣೆಗೆ, ಆಟಗಾರರು 100 ರೂಪಾಯಿ ತೊಡಗಿಸಿ, ಕಂಪನಿಯು ಅದರಲ್ಲಿ 10 ರೂಪಾಯಿ ಶುಲ್ಕ ಪಡೆದರೆ, ಶುಲ್ಕದ ಮೇಲೆ ಶೇ. 18 ರಂತೆ ತೆರಿಗೆ 1 ರೂಪಾಯಿ 80 ಪೈಸೆ; ಒಟ್ಟು ಹಣದ ಮೇಲೆ ಶೇ. 28 ರಂತೆ 28 ರೂಪಾಯಿ. ಅಂದರೆ ತೆರಿಗೆಯು ಆದಾಯವನ್ನೇ ಮೀರುತ್ತದೆ.

ಉಚ್ಚ ನ್ಯಾಯಾಲಯವು ಮೇ 2023 ರಲ್ಲಿ ಈ ಬೇಡಿಕೆಯನ್ನು ರದ್ದುಪಡಿಸಿತು. ಸರ್ವೋಚ್ಚ ನ್ಯಾಯಾಲಯವು ಸೆಪ್ಟೆಂಬರ್ 2023 ರಲ್ಲಿ ಆ ತೀರ್ಪಿಗೆ ತಡೆ ನೀಡಿತು. ತಿದ್ದುಪಡಿಯಾದ ಕಾನೂನಿನ ಮೇರೆಗೆ ದಿನಾಂಕ 1-10-2023 ರಿಂದ ಆಟಗಾರರು ಜಮಾ ಮಾಡಿದ ಪೂರ್ಣ ಮೊತ್ತದ ಮೇಲೆ ಶೇ. 28 ರ ತೆರಿಗೆ ಅನ್ವಯವಾಯಿತು.

3. ಕೇಂದ್ರದ 2025 ರ ಅಧಿನಿಯಮ

ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಅಧಿನಿಯಮ, 2025 ಕ್ಕೆ ಲೋಕಸಭೆಯು ಆಗಸ್ಟ್ 20 ರಂದು, ರಾಜ್ಯಸಭೆಯು 21 ರಂದು ಅನುಮೋದನೆ ನೀಡಿದವು. 22 ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಹಣ ಗೆಲ್ಲುವ ನಿರೀಕ್ಷೆಯಿಂದ ಹಣ ತೊಡಗಿಸಿ ಆಡುವ ಆಟವು ಕೌಶಲದ್ದಾಗಿರಲಿ, ಅದೃಷ್ಟದ್ದಾಗಿರಲಿ, ಅಧಿನಿಯಮವು ಅದನ್ನು ನಿಷೇಧಿಸುತ್ತದೆ. ಇ-ಕ್ರೀಡೆ ಹಾಗೂ ಪಣವಿಲ್ಲದ ಸಾಮಾಜಿಕ ಆಟಗಳಿಗೆ ನಿಷೇಧವಿಲ್ಲ. ಅಧಿನಿಯಮದಲ್ಲಿರುವ ಮೊದಲ ಅಪರಾಧದ ದಂಡನೆಗಳು ಇಂತಿವೆ:

ಅ) ಹಣದಾಟ ನಡೆಸುವವರಿಗೆ: 3 ವರ್ಷಗಳವರೆಗೆ ಕಾರಾವಾಸ ಅಥವಾ 1 ಕೋಟಿ ರೂಪಾಯಿವರೆಗೆ ಜುಲ್ಮಾನೆ ಅಥವಾ ಎರಡೂ.
ಆ) ಹಣದಾಟದ ಜಾಹೀರಾತು ಮಾಡುವವರಿಗೆ: 2 ವರ್ಷಗಳವರೆಗೆ ಕಾರಾವಾಸ ಅಥವಾ 50 ಲಕ್ಷ ರೂಪಾಯಿವರೆಗೆ ಜುಲ್ಮಾನೆ ಅಥವಾ ಎರಡೂ.
ಇ) ಅದಕ್ಕಾಗಿ ಹಣ ವರ್ಗಾವಣೆಗೆ ಅನುಕೂಲ ಮಾಡಿಕೊಡುವವರಿಗೆ: (ಅ) ದಲ್ಲಿರುವಷ್ಟೇ ದಂಡನೆ.

ಕೇವಲ ಆಟವಾಡಿದವರಿಗೆ ಸದರಿ ಅಧಿನಿಯಮದಲ್ಲಿ ಶಿಕ್ಷೆ ವಿಧಿಸಿಲ್ಲ.

ಅಂಕಿತ ದೊರೆತ ಕೆಲವೇ ದಿನಗಳಲ್ಲಿ ಪ್ರಮುಖ ಕಂಪನಿಗಳು ಹಣದಾಟಗಳನ್ನು ನಿಲ್ಲಿಸಿದವು. ಬೆಂಗಳೂರಿನ ಎಂಪಿಎಲ್ ಸಿಬ್ಬಂದಿ ಕಡಿತವನ್ನು ಪ್ರಕಟಿಸಿತು. ಅಧಿನಿಯಮವನ್ನು ಪ್ರಶ್ನಿಸಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಸೇರಿದಂತೆ ವಿವಿಧ ಉಚ್ಚ ನ್ಯಾಯಾಲಯಗಳಲ್ಲಿ ಸಲ್ಲಿಸಲಾಗಿದ್ದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯವು ಸೆಪ್ಟೆಂಬರ್ 2025 ರಲ್ಲಿ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು. 2022 ರ ತೀರ್ಪನ್ನು ನೆಚ್ಚಿ ಕಟ್ಟಿದ ವ್ಯವಹಾರವು ಒಂದು ವಾರದೊಳಗೆ ನಿಂತುಹೋಯಿತೆಂಬುದು ಇಲ್ಲಿ ಗಮನಾರ್ಹ. ನ್ಯಾಯಾಲಯದಲ್ಲಿ ಗೆದ್ದ ಕಂಪನಿಯೂ ಭದ್ರವಾದ ಕಂಪನಿಯೆಂದು ಭಾವಿಸಲಾಗದು.

4. ನಾಗರಿಕರ ಮೇಲಾಗುವ ಪರಿಣಾಮ

ದೇಶದಲ್ಲಿ ನೋಂದಣಿಯಾದ ಕಂಪನಿಗೆ ವಿಳಾಸವಿರುತ್ತದೆ, ಉತ್ತರದಾಯಿತ್ವವಿರುತ್ತದೆ. ಅಂತಹ ಕಂಪನಿಗಳು ಹಿಂದೆ ಸರಿದಾಗ, ಹೊರದೇಶಗಳಿಂದ ನಡೆಯುವ, ವಿಳಾಸವಿಲ್ಲದ ಬೆಟ್ಟಿಂಗ್ ತಾಣಗಳು ಅವುಗಳ ಸ್ಥಾನಕ್ಕೆ ಬರುವ ಸಂಭವವಿದೆ. ಇವು ಹಣ ಸಂಗ್ರಹಣೆಗೆ ಸ್ಥಳೀಯ ಯುವಕರ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್ ಹಾಗೂ ಸಿಮ್ ಕಾರ್ಡುಗಳನ್ನು ಕಮಿಷನ್ ಆಸೆ ತೋರಿಸಿ ಪಡೆಯುತ್ತವೆ. ತನಿಖೆಯ ಸಮಯದಲ್ಲಿ ಮೊದಲು ಪತ್ತೆಯಾಗುವುದು ಖಾತೆದಾರರ ಹೆಸರೇ ಹೊರತು ತಾಣದ ಮಾಲೀಕರ ಹೆಸರಲ್ಲ. ಖಾತೆಯು ಸ್ಥಗಿತಗೊಂಡರೆ ವಿದ್ಯಾರ್ಥಿವೇತನ, ಪಿಂಚಣಿ, ಬೆಳೆ ಪರಿಹಾರ ಮುಂತಾದ ಸೌಲಭ್ಯಗಳ ಹಣವನ್ನೂ ಪಡೆಯಲು ಅಡಚಣೆಯಾಗುತ್ತದೆ. ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವವರು ಇದನ್ನು ವಿಶೇಷವಾಗಿ ಗಮನಿಸುವುದು.

5. ಹಣ ಬಾಕಿ ಇರುವವರು ಅಥವಾ ಮೋಸಹೋದವರು ಕೈಗೊಳ್ಳಬೇಕಾದ ಕ್ರಮ

ಅ) ವಾಲೆಟ್‌ನಲ್ಲಿರುವ ಶಿಲ್ಕು, ಜಮಾ ಮಾಡಿದ ರಸೀದಿ, ಯುಪಿಐ ವಹಿವಾಟಿನ ಸಂಖ್ಯೆ ಹಾಗೂ ಕಂಪನಿಯೊಂದಿಗಿನ ಪತ್ರವ್ಯವಹಾರದ ಪ್ರತಿಗಳನ್ನು ಕೂಡಲೇ ತೆಗೆದಿರಿಸಿಕೊಳ್ಳತಕ್ಕದ್ದು. ಆ್ಯಪ್ ಅಳಿಸಿಹಾಕಿದ ನಂತರ ಇವು ದೊರೆಯದೇ ಹೋಗಬಹುದು.

ಆ) ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ನೀಡುವುದು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕ್ಕೆ ಕರೆ ಮಾಡಬಹುದು.

ಇ) ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019 ರ ಮೇರೆಗೆ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಲಕ್ಷ್ಮೇಶ್ವರ ಅಥವಾ ಮುಂಡರಗಿಯ ನಿವಾಸಿಯು ಬೆಂಗಳೂರಿಗೆ ತೆರಳದೆ ಗದಗ ಜಿಲ್ಲಾ ಗ್ರಾಹಕರ ಆಯೋಗವನ್ನು ಸಂಪರ್ಕಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ದೂರಿಗೆ ಶುಲ್ಕವಿರುವುದಿಲ್ಲ.

ಈ) ಪಂತದ ಕರಾರುಗಳು ಭಾರತೀಯ ಕರಾರು ಅಧಿನಿಯಮ, 1872 ರ 30 ನೇ ಪ್ರಕರಣದ ಮೇರೆಗೆ ಅನೂರ್ಜಿತ. ಪಂತದಲ್ಲಿ ಗೆದ್ದುದೆನ್ನಲಾದ ಹಣಕ್ಕಾಗಿ ದಾವೆ ಹೂಡಲು ಬರುವುದಿಲ್ಲ. ಆದ್ದರಿಂದ ಬೆಟ್ಟಿಂಗ್ ತಾಣದ ಪರದೆಯಲ್ಲಿ ಕಾಣುವ ಮೊತ್ತವನ್ನು ಆಸ್ತಿಯೆಂದು ನಂಬಿ ಸಾಲ ಮಾಡಬಾರದು.

ಉ) ವಂಚನೆ ನಡೆದಲ್ಲಿ ವಿಳಂಬ ಮಾಡದೆ 1930 ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಗದಗ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸುವುದು. ಹಣವು ಮತ್ತೊಂದು ಖಾತೆಗೆ ಸಾಗುವ ಮೊದಲೇ ತಡೆಹಿಡಿಯಲು ಇದರಿಂದ ಸಾಧ್ಯವಾಗುತ್ತದೆ.

ಊ) ಉಚಿತ ಕಾನೂನು ನೆರವಿಗೆ 15100 ಅನ್ನು ಸಂಪರ್ಕಿಸಬಹುದು. ಆಟದ ಚಟದಿಂದ ನೊಂದವರು ಹಾಗೂ ಅವರ ಕುಟುಂಬದವರು ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ರಲ್ಲಿ ಆಪ್ತಸಲಹೆ ಪಡೆಯಬಹುದು.

ಕಂಪನಿಗೆ ಒದಗುವ ಕಾನೂನು ಅಪಾಯದ ಹೊಣೆಯನ್ನು ಹೊರಲು ಅದರ ಬಳಿ ವಕೀಲರೂ ಬಂಡವಾಳವೂ ಇರುತ್ತವೆ. ದುಡಿದ ಕೂಲಿಯನ್ನೋ ಮಾರಿದ ಫಸಲಿನ ಹಣವನ್ನೋ ತೊಡಗಿಸಿದ ಕುಟುಂಬಕ್ಕೆ ಅಂತಹ ಆಸರೆ ಇರುವುದಿಲ್ಲ. ಆದುದರಿಂದ ಸಾರ್ವಜನಿಕರು ತಮ್ಮ ಹಣ, ಹೆಸರು ಮತ್ತು ಖಾತೆಯನ್ನು ಇಂತಹ ವ್ಯವಹಾರಗಳಿಗೆ ಒಪ್ಪಿಸದೆ ಎಚ್ಚರ ವಹಿಸಬೇಕೆಂದು ಹಾಗೂ ಮೇಲ್ಕಂಡ ಸೌಲಭ್ಯಗಳ ಸದುಪಯೋಗ ಪಡೆಯಬೇಕೆಂದು ಕೋರಲಾಗಿದೆ.