ಲಾರಿ ಹತ್ತೋ ಹುಡುಗರಿಗೆ

ನಮ್ಮ ಆದವಾನಿ ಸೀಮೆಯ ಹತ್ತಿ ಹೊಲ ಬಿಟ್ಟು ನನ್ನ ಮಗ ದೂರದ ಲಾರಿ ಹತ್ತುತ್ತೇನೆ ಅನ್ನುತ್ತಾನೆ. ಬೇಡ ಅನ್ನಲಾರೆ, ಮಳೆ ನಂಬಿದ ನಾನೇನು ಗಳಿಸಿದೆ?

ಆದರೆ ಲೆಕ್ಕ ತಿಳಿದು ಹೋಗಲಿ. 20 ವರ್ಷ ತುಂಬಬೇಕು, ಲಘು ವಾಹನದ ಲೈಸೆನ್ಸು ಪಡೆದು ವರ್ಷವಾಗಿರಬೇಕು. ಅಲ್ಲಿವರೆಗೆ ಕ್ಲೀನರ್ ಕೆಲಸವೇ ಗತಿ. ದಿನಕ್ಕೆ 8 ತಾಸು ದುಡಿಮೆ ಅಂತ 1961ರ ಕಾಯ್ದೆಯೇ ಹೇಳಿತ್ತು. ರಸ್ತೆಯಲ್ಲಿ ಅದನ್ನು ಕಂಡವರು ಕಮ್ಮಿ. 2025ರ ಅಕ್ಟೋಬರಿನಿಂದ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಹೊಸಬನಿಗೆ ಸಿಗೋದು ಹಳೇ ಗಾಡಿಯೇ. ಮಾಲು ಇಳಿಸಲು ಕಾಯುವ ದಿನಕ್ಕೆ ಬತ್ತೆ ಎಷ್ಟು, ಮೊದಲೇ ಕೇಳಪ್ಪಾ.

ಇನ್ನು ಮಾಲು ಕಳಿಸುವ ನಾವು. ಸಂಜೆತನಕ ಲೋಡು ಮಾಡದೆ, "ಬೆಳಗಾಗೋದ್ರೊಳಗೆ ಮುಟ್ಟಿಸು" ಅಂತೀವಿ. ಆ ತಾಸುಗಳನ್ನು ಡ್ರೈವರನ ನಿದ್ದೆಯಿಂದ ಕದ್ದಿದ್ದೇವೆ. ಸ್ಟೇರಿಂಗ್ ಹಿಂದೆ ಈಗ ನಮ್ಮ ಮಕ್ಕಳೇ ಕೂತಿರೋದು, ನೆನಪಿರಲಿ.