ಬೇಗ ಹುಟ್ಟಿದ ಮಗು: ಸೆರೆಬ್ರಲ್ ಪಾಲ್ಸಿಯ ಮೊದಲ ಸುಳಿವುಗಳನ್ನು ಗುರುತಿಸುವುದು ಹೇಗೆ?

ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಮಾತುಗಳು ಓಡಾಡುತ್ತವೆ. ಒಂದು: "ಈ ಲಕ್ಷಣ ಕಂಡರೆ ಸೆರೆಬ್ರಲ್ ಪಾಲ್ಸಿ ಗ್ಯಾರಂಟಿ." ಇನ್ನೊಂದು: "ಇಂಥ ಮಕ್ಕಳು ಎಲ್ಲವನ್ನೂ ತಡವಾಗಿಯೇ ಮಾಡುತ್ತವೆ, ಎರಡು ವರ್ಷ ಸುಮ್ಮನಿರಿ." ಮೊದಲನೆಯದು ಸುಮ್ಮನೆ ಹೆದರಿಸುತ್ತದೆ. ಎರಡನೆಯದು ಸಮಾಧಾನ ಹೇಳುತ್ತಲೇ ಚಿಕಿತ್ಸೆಗೆ ಅತ್ಯಂತ ಬೆಲೆಬಾಳುವ ತಿಂಗಳುಗಳನ್ನು ಕಳೆದುಬಿಡುತ್ತದೆ. ಹಾಗಾದರೆ ಯಾವಾಗ ಕಾಯಬಹುದು, ಯಾವಾಗ ಕಾಯಬಾರದು?

ಸೆರೆಬ್ರಲ್ ಪಾಲ್ಸಿ ಎಂದರೇನು?

ಬೆಳೆಯುತ್ತಿರುವ ಮಿದುಳಿಗೆ ಗರ್ಭದಲ್ಲಿ, ಹೆರಿಗೆಯ ಹೊತ್ತಿನಲ್ಲಿ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲಿ ಆಗುವ ಹಾನಿಯಿಂದ ಕೈಕಾಲುಗಳ ಚಲನೆ ಮತ್ತು ದೇಹದ ಹಿಡಿತದಲ್ಲಿ ಬರುವ ತೊಂದರೆಯೇ ಸೆರೆಬ್ರಲ್ ಪಾಲ್ಸಿ, ಚಿಕ್ಕದಾಗಿ ಸಿಪಿ. ಇದು ಅಂಟುರೋಗವಲ್ಲ. ಮಿದುಳಿನ ಹಾನಿ ದಿನೇದಿನೇ ಹೆಚ್ಚುತ್ತಲೂ ಹೋಗುವುದಿಲ್ಲ. ಆದರೆ ಸರಿಯಾದ ಆರೈಕೆ ಸಿಗದಿದ್ದರೆ ಸ್ನಾಯು ಮತ್ತು ಕೀಲುಗಳು ಬಿಗಿಯುತ್ತಾ ಹೋಗುತ್ತವೆ.

ಬೇಗ ಹುಟ್ಟುವುದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ 1861ರಲ್ಲೇ ಹೇಳಿದ್ದರು. ಕಾರಣ ಈಗ ಇನ್ನೂ ಸ್ಪಷ್ಟವಾಗಿದೆ. ಸುಮಾರು 24ರಿಂದ 32 ವಾರಗಳ ನಡುವೆ ಮಿದುಳಿನ ಒಳಭಾಗದ ರಕ್ತನಾಳಗಳು ಬಹಳ ನಾಜೂಕಾಗಿರುತ್ತವೆ. ರಕ್ತದ ಒತ್ತಡ ಏರುಪೇರಾದರೆ ಅಲ್ಲಿ ರಕ್ತಸ್ರಾವವಾಗಬಹುದು, ಅಥವಾ ರಕ್ತ ಸಾಲದೆ ಸುತ್ತಲಿನ ನರತಂತುಗಳಿಗೆ ಪೆಟ್ಟಾಗಬಹುದು. ಕಾಲುಗಳನ್ನು ನಿಯಂತ್ರಿಸುವ ತಂತುಗಳು ಇದೇ ಜಾಗಕ್ಕೆ ತೀರಾ ಹತ್ತಿರದಲ್ಲಿ ಹಾದುಹೋಗುತ್ತವೆ. ಅದಕ್ಕೇ ಬೇಗ ಹುಟ್ಟಿದ ಮಕ್ಕಳಲ್ಲಿ ಕೈಗಿಂತ ಕಾಲುಗಳಲ್ಲೇ ಬಿಗಿತ ಹೆಚ್ಚಾಗಿ ಕಾಣುತ್ತದೆ.

ಹಾಗೆಂದು ಗಾಬರಿ ಬೇಡ. 28 ವಾರಕ್ಕೂ ಮೊದಲು ಹುಟ್ಟಿ ಬದುಕುಳಿದ ಮಕ್ಕಳಲ್ಲೂ ಸುಮಾರು ಹತ್ತರಲ್ಲಿ ಒಂದಕ್ಕೆ ಸಿಪಿ ಬರುತ್ತದೆ, ಉಳಿದ ಒಂಬತ್ತಕ್ಕೆ ಬರುವುದಿಲ್ಲ. 34 ವಾರ ದಾಟಿ ಹುಟ್ಟಿದವರಲ್ಲಿ ಅಪಾಯ ಇನ್ನೂ ಬಹಳ ಕಡಿಮೆ.

ಮೊದಲು ವಯಸ್ಸಿನ ಲೆಕ್ಕ ಸರಿ ಮಾಡಿಕೊಳ್ಳಿ

ಗರ್ಭಾವಧಿ ಪೂರ್ತಿ 40 ವಾರ. 30ನೇ ವಾರದಲ್ಲಿ ಹುಟ್ಟಿದ ಮಗು 10 ವಾರ ಬೇಗ ಬಂದಂತೆ. ಹುಟ್ಟಿದ ದಿನಾಂಕದಿಂದ ಲೆಕ್ಕ ಹಾಕಿದ ವಯಸ್ಸಿನಲ್ಲಿ ಈ 10 ವಾರ ಕಳೆದರೆ ಸಿಗುವುದು "ಸರಿಪಡಿಸಿದ ವಯಸ್ಸು". ಬೆಳವಣಿಗೆಯನ್ನು ಅಳೆಯಲು ಎರಡು ವರ್ಷದವರೆಗೂ ಇದನ್ನೇ ಬಳಸಬೇಕು. ಲಸಿಕೆ ಮಾತ್ರ ಹುಟ್ಟಿದ ದಿನಾಂಕದ ಪ್ರಕಾರವೇ ಹಾಕಿಸಬೇಕು.

ಇದೇ ಮಗು 7 ತಿಂಗಳಾದರೂ ಕೂರುತ್ತಿಲ್ಲ ಎನ್ನಿ. ಸರಿಪಡಿಸಿದ ವಯಸ್ಸು ನಾಲ್ಕೂವರೆ ತಿಂಗಳಷ್ಟೇ, ಚಿಂತೆ ಬೇಡ. ಆದರೆ ಅದೇ ಮಗು ಒಂದು ವರ್ಷ ತುಂಬಿದ ಮೇಲೂ ಕೂರುತ್ತಿಲ್ಲವೆಂದರೆ? ಸರಿಪಡಿಸಿದ ವಯಸ್ಸು ಒಂಬತ್ತೂವರೆ ತಿಂಗಳು ದಾಟಿದೆ. "ಬೇಗ ಹುಟ್ಟಿದ್ದಲ್ವಾ, ಅದಕ್ಕೇ" ಎಂಬ ಉತ್ತರ ಇಲ್ಲಿ ಸಲ್ಲದು. ಬೇಗ ಬಂದ ವಾರಗಳನ್ನು ಒಮ್ಮೆ ಕಳೆದಾಗಿದೆ, ಮತ್ತೆ ಮತ್ತೆ ಕಳೆಯುವಂತಿಲ್ಲ.

ಏನನ್ನು ಗಮನಿಸಬೇಕು?

ಕೆಳಗಿನ ವಯಸ್ಸುಗಳೆಲ್ಲ ಸರಿಪಡಿಸಿದ ವಯಸ್ಸುಗಳು.

ಮೊದಲ 4–5 ತಿಂಗಳಲ್ಲಿ:
- 4 ತಿಂಗಳಾದರೂ ಕತ್ತು ನಿಲ್ಲದಿರುವುದು
- ಕೈಗಳು ಯಾವಾಗಲೂ ಬಿಗಿ ಮುಷ್ಟಿಯಾಗಿಯೇ ಇರುವುದು
- ಎತ್ತಿಕೊಂಡಾಗ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಹೋಗುವುದು
- ಮೈ ಸೆಟೆದುಕೊಳ್ಳುವುದು, ಅಥವಾ ಬಟ್ಟೆಯ ಗೊಂಬೆಯಂತೆ ಜೋತುಬೀಳುವುದು
- ಹಾಲು ಕುಡಿಯುವಾಗ ಪದೇಪದೇ ನೆತ್ತಿಗೇರುವುದು, ಚೀಪಲು ಕಷ್ಟಪಡುವುದು

6 ತಿಂಗಳ ನಂತರ:
- 9 ತಿಂಗಳಾದರೂ ಆಸರೆಯಿಲ್ಲದೆ ಕೂರದಿರುವುದು
- ಆಟಿಕೆಗೆ ಸದಾ ಒಂದೇ ಕೈ ಚಾಚುವುದು
- ತೆವಳುವಾಗ ಒಂದು ಪಕ್ಕದ ಕೈಕಾಲನ್ನು ಎಳೆದುಕೊಂಡು ಹೋಗುವುದು
- ನಿಲ್ಲಿಸಿದಾಗ ಪಾದ ಊರದೆ ಯಾವಾಗಲೂ ತುದಿಗಾಲಲ್ಲೇ ನಿಲ್ಲುವುದು
- 18 ತಿಂಗಳಾದರೂ ನಡೆಯದಿರುವುದು

ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ಸಿಪಿ ಎಂದಲ್ಲ. ಬೇಗ ಹುಟ್ಟಿದ ಕೆಲವು ಮಕ್ಕಳಲ್ಲಿ ಮೊದಲ ತಿಂಗಳುಗಳ ಬಿಗಿತ ವರ್ಷದೊಳಗೆ ತಾನಾಗಿಯೇ ಸಡಿಲವಾಗುತ್ತದೆ. ಯಾವುದು ಸಡಿಲವಾಗುವ ಬಿಗಿತ, ಯಾವುದು ಅಲ್ಲ ಎಂದು ಹೇಳಬೇಕಾದವರು ಪರೀಕ್ಷಿಸಿದ ವೈದ್ಯರು, ಫಾರ್ವರ್ಡ್ ಅಲ್ಲ.

ಎರಡು ವಿಷಯಕ್ಕೆ ಮಾತ್ರ ಒಂದು ದಿನವೂ ಕಾಯಬೇಡಿ. ಮಗು ಬಿಟ್ಟುಬಿಟ್ಟು ಸಾಲಾಗಿ ಬೆಚ್ಚಿ ಬಿದ್ದಂತೆ ಮಾಡುತ್ತಿದ್ದರೆ ಅಥವಾ ಫಿಟ್ಸ್ ಬಂದರೆ, ಇಲ್ಲವೇ ಕಲಿತದ್ದನ್ನು ಮರೆಯುತ್ತಿದ್ದರೆ ಅಂದೇ ವೈದ್ಯರಿಗೆ ತೋರಿಸಿ.

ಮನೆಯವರು ಖುಷಿಪಡುವ ಲಕ್ಷಣಗಳು

ತಡವಾಗುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಒಳ್ಳೆಯದೆಂದು ತೋರುವ ಸುಳಿವುಗಳೇ ತಪ್ಪಿಹೋಗುವುದು.

"ನಮ್ಮ ಮಗು ನಾಲ್ಕು ತಿಂಗಳಿಗೇ ಕಾಲೂರಿ ನಿಲ್ಲುತ್ತೆ, ಎಷ್ಟು ಗಟ್ಟಿ ನೋಡಿ!" ಕೂರಲೂ ಬಾರದ ಮಗು ಕಾಲು ಕಡ್ಡಿಯಂತೆ ನೆಟ್ಟಗೆ ಮಾಡಿ, ತುದಿಗಾಲಲ್ಲಿ ನಿಂತರೆ ಅದು ಶಕ್ತಿಯಲ್ಲ, ಸ್ನಾಯುಗಳ ಬಿಗಿತವಿರಬಹುದು.

"ಇವನು ಎಡಚ, ಈಗಲೇ ಗೊತ್ತಾಗುತ್ತೆ." ಒಂದು ವರ್ಷದೊಳಗೆ ಮಕ್ಕಳು ಎರಡೂ ಕೈಗಳನ್ನು ಹೆಚ್ಚುಕಡಿಮೆ ಸಮವಾಗಿ ಬಳಸುತ್ತಾರೆ. ಅದಕ್ಕೂ ಮೊದಲೇ ಒಂದು ಕೈಯನ್ನಷ್ಟೇ ಬಳಸಿದರೆ, ಇನ್ನೊಂದು ಕೈ ಏಕೆ ಬರುತ್ತಿಲ್ಲ ಎಂದು ಕೇಳಬೇಕು.

"ತುಂಬಾ ಪಾಪದ ಮಗು, ಹಾಕಿದಲ್ಲೇ ಬಿದ್ದಿರುತ್ತೆ." ಕೈಕಾಲು ಬಡಿಯುವುದು ಪುಟ್ಟ ಮಕ್ಕಳ ಸಹಜ ಕೆಲಸ. ಎಚ್ಚರವಿದ್ದಾಗಲೂ ಮೈ ಆಡಿಸುವುದು ತೀರಾ ಕಡಿಮೆ ಎನಿಸಿದರೆ ವೈದ್ಯರಿಗೆ ಹೇಳಿ.

ಎರಡು ವರ್ಷ ಕಾಯುವುದೇಕೆ ಬೇಡ?

ಹಿಂದೆ ಸಿಪಿಯನ್ನು ಖಚಿತಪಡಿಸಲು ಒಂದೆರಡು ವರ್ಷ ಕಾಯುವುದು ವೈದ್ಯರಲ್ಲೂ ರೂಢಿಯಾಗಿತ್ತು. "ಕಾದು ನೋಡಿ" ಎಂಬ ಮಾತು ಬಂದಿರುವುದು ಆ ಕಾಲದಿಂದ. 2017ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಪ್ರಕಟಿಸಿದ ಮಾರ್ಗದರ್ಶಿಯ ಪ್ರಕಾರ, 5 ತಿಂಗಳೊಳಗೇ ಅಪಾಯವನ್ನು ಸಾಕಷ್ಟು ನಿಖರವಾಗಿ ಗುರುತಿಸಬಹುದು. ಅದಕ್ಕೆ ಮೂರು ದಾರಿಗಳಿವೆ: ಎಂಆರ್‌ಐ ಸ್ಕ್ಯಾನ್, ಮಗುವಿನ ನರಗಳ ಕ್ರಮಬದ್ಧ ಪರೀಕ್ಷೆ, ಮತ್ತು ಮಗುವಿನ ಸಹಜ ಚಲನೆಗಳ ವಿಡಿಯೊ ಪರಿಶೀಲನೆ.

ಮೂರನೆಯದು ಸ್ವಾರಸ್ಯಕರ. 3ರಿಂದ 5 ತಿಂಗಳ ಮಗು ಎಚ್ಚರವಾಗಿ ಅಂಗಾತ ಮಲಗಿದ್ದಾಗ ಕತ್ತು, ಮೈ, ಕೈಕಾಲುಗಳಲ್ಲಿ ಪುಟ್ಟಪುಟ್ಟ ಸುತ್ತುವ ಚಲನೆಗಳು ನಿರಂತರವಾಗಿ ಕಾಣುತ್ತವೆ. ಇವು ಕಾಣದಿದ್ದರೆ ಸಿಪಿಯ ಸಾಧ್ಯತೆ ಹೆಚ್ಚು. ಇದನ್ನು ತರಬೇತಿ ಪಡೆದವರೇ ಗುರುತಿಸಬೇಕು, ಆದರೆ ವಿಡಿಯೊ ನೀವೇ ಮಾಡಬಹುದು: ಮಗು ಹಸಿದಿರಬಾರದು, ಅಳುತ್ತಿರಬಾರದು, ಬಾಯಲ್ಲಿ ನಿಪ್ಪಲ್ ಅಥವಾ ಎದುರಿಗೆ ಆಟಿಕೆ ಇರಬಾರದು. ತೆಳು ಬಟ್ಟೆಯಲ್ಲಿ ಅಂಗಾತ ಮಲಗಿಸಿ, ಪೂರ್ತಿ ಮೈ ಕಾಣುವಂತೆ ಮೂರು ನಿಮಿಷ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ. ಗ್ರೂಪಿಗೆ ಹಾಕಬೇಡಿ.

ಬೇಗ ತಿಳಿದರೆ ಲಾಭವೇನು? ಮೊದಲ ವರ್ಷಗಳಲ್ಲಿ ಮಿದುಳು ಹೊಸ ದಾರಿ ಕಂಡುಕೊಳ್ಳುವ ಶಕ್ತಿ ಅತಿ ಹೆಚ್ಚು. ಒಂದು ಕೈ ದುರ್ಬಲವಿದ್ದರೆ ಚೆನ್ನಾಗಿರುವ ಕೈಯನ್ನು ಸ್ವಲ್ಪ ಹೊತ್ತು ತಡೆದು ದುರ್ಬಲ ಕೈಗೆ ಕೆಲಸ ಕೊಡುವ ತರಬೇತಿ ಇದೆ. ಸೊಂಟದ ಕೀಲು ಜಾರುವುದನ್ನು ಎಕ್ಸ್‌ರೇಯಿಂದ ಮೊದಲೇ ಕಂಡುಹಿಡಿಯಬಹುದು. ಥೆರಪಿ ಆರಂಭಿಸಲು ರೋಗದ ಹೆಸರು ಖಚಿತವಾಗುವವರೆಗೆ ಕಾಯಬೇಕಿಲ್ಲ. ಕೊನೆಗೆ ಸಿಪಿ ಇಲ್ಲವೆಂದಾದರೂ ಅದರಿಂದ ನಷ್ಟವಿಲ್ಲ.

ನಂಬಿಕೆ ಮತ್ತು ವಾಸ್ತವ

*"ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದರೆ ಸರಿಹೋಗುತ್ತೆ."* ಹಗುರವಾದ ಎಣ್ಣೆ ನೀವುವಿಕೆ ಮಗುವಿಗೆ ಹಿತ. ಆದರೆ ಅದು ಸಿಪಿಯನ್ನು ಗುಣಪಡಿಸುವುದಿಲ್ಲ. ಬಿಗಿದ ಕಾಲನ್ನು ಬಲವಂತವಾಗಿ ಎಳೆದರೆ ಪೆಟ್ಟಾಗಬಹುದು.

*"ವಾಕರ್‌ಗೆ ಹಾಕಿದರೆ ಬೇಗ ನಡೆಯುತ್ತೆ."* ಮಾರುಕಟ್ಟೆಯ ಬೇಬಿ ವಾಕರ್ ಯಾವ ಮಗುವಿಗೂ ನಡಿಗೆ ಕಲಿಸುವುದಿಲ್ಲ. ಬಿಗಿತವಿರುವ ಮಗುವಿಗೆ ತುದಿಗಾಲಿನ ಅಭ್ಯಾಸವನ್ನೇ ಹೆಚ್ಚಿಸುತ್ತದೆ.

*"ಗ್ರಹಣದಲ್ಲಿ ಹೊರಗೆ ಬಂದಿದ್ದಕ್ಕೆ ಹೀಗಾಯಿತು."* ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಮಾತು ಬಾಣಂತಿಯ ಮೇಲೆ ತಪ್ಪು ಹೊರಿಸುತ್ತದೆ, ಅಷ್ಟೇ.

*"ಸ್ಟೆಮ್ ಸೆಲ್‌ನಿಂದ ಪೂರ್ತಿ ಗುಣ."* ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ, ಇಂಥ ಕಾಯಿಲೆಗಳಿಗೆ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪ್ರಯೋಗಗಳಲ್ಲಿ ಮಾತ್ರ. ಹಣ ಪಡೆದು ಚಿಕಿತ್ಸೆಯೆಂದು ಮಾರುವಂತಿಲ್ಲ.

*"ಸಿಪಿ ಎಂದರೆ ಬುದ್ಧಿ ಇರುವುದಿಲ್ಲ."* ಸುಮಾರು ಅರ್ಧದಷ್ಟು ಮಕ್ಕಳ ಬುದ್ಧಿಶಕ್ತಿಗೆ ತೊಂದರೆಯೇ ಇರುವುದಿಲ್ಲ. ಮೂವರಲ್ಲಿ ಇಬ್ಬರು ಆಸರೆಯಿಂದಲೋ ಸ್ವಂತವಾಗಿಯೋ ನಡೆಯುತ್ತಾರೆ.

ಎಲ್ಲಿ ತೋರಿಸಬೇಕು?

ಎನ್‌ಐಸಿಯುನಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಪತ್ರ ಜೋಪಾನವಾಗಿರಲಿ. ಎಷ್ಟನೇ ವಾರದ ಹೆರಿಗೆ, ತೂಕ ಎಷ್ಟು, ಮಿದುಳಿನ ಸ್ಕ್ಯಾನ್‌ನಲ್ಲಿ ಏನು ಕಂಡಿತು ಎಂಬುದೆಲ್ಲ ಅದರಲ್ಲಿರುತ್ತದೆ. ಸ್ಕ್ಯಾನ್ ಚೆನ್ನಾಗಿದ್ದರೂ ಮರುಭೇಟಿ ತಪ್ಪಿಸಬೇಡಿ, ಎರಡು ವರ್ಷದವರೆಗೂ ಅದು ಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗೆ ಉಚಿತ ತಪಾಸಣೆ ಇದೆ. ಇದರ ಭಾಗವಾಗಿ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಕೇಂದ್ರಗಳಿದ್ದು, ಮಕ್ಕಳ ವೈದ್ಯರು ಮತ್ತು ಫಿಸಿಯೋಥೆರಪಿ ಒಂದೇ ಕಡೆ ಸಿಗುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ "ಡಿಇಐಸಿ ಎಲ್ಲಿದೆ?" ಎಂದು ಕೇಳಿ. ಮನೆಗೆ ಬರುವ ಆಶಾ ಕಾರ್ಯಕರ್ತೆಗೂ ನಿಮ್ಮ ಅನುಮಾನ ಹೇಳಿ. ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇಂಥ ಮಕ್ಕಳಿಗಾಗಿಯೇ ಕೆಲಸ ಮಾಡುತ್ತಿದೆ. ಮಾತು ಮತ್ತು ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸೆರೆಬ್ರಲ್ ಪಾಲ್ಸಿಯೂ ಸೇರಿದೆ, ಆದ್ದರಿಂದ ಮುಂದೆ ಯುಡಿಐಡಿ ಕಾರ್ಡ್ ಮತ್ತು ಸೌಲಭ್ಯಗಳಿಗೆ ಅರ್ಜಿ ಹಾಕಬಹುದು.

ವೈದ್ಯರು "ಇನ್ನೂ ಚಿಕ್ಕದು, ಕಾಯೋಣ" ಎಂದರೆ ಎರಡು ಪ್ರಶ್ನೆ ಕೇಳಿ: ಸರಿಪಡಿಸಿದ ವಯಸ್ಸಿನ ಪ್ರಕಾರ ಇದು ಸರಿಯೇ? ಮತ್ತೆ ಯಾವ ದಿನ ಬರಬೇಕು? ದಿನಾಂಕವಿರುವ ಕಾಯುವಿಕೆ ಆರೈಕೆಯ ಭಾಗ. ದಿನಾಂಕವಿಲ್ಲದೆ ಕಾಯುತ್ತಾ ಕೂರಬೇಡಿ.