ಸ್ಕ್ಯಾನಿಂಗ್ ಮಷೀನ್ ಐಸಿಯು ಮಂಚದ ಹತ್ತಿರ ಬರುವುದು ಯಾವಾಗ?



“ಕುತ್ತಿಗಿಗೆ ಪೈಪ್ ಹಾಕ್ಬೇಕು, ಇಲ್ಲಿ ಸಹಿ ಮಾಡ್ರಿ.” ರಾಯಚೂರಿನಲ್ಲಿ ಐಸಿಯು ಹೊರಗೆ ಕಾದು ಕೂತವರಿಗೆ ಈ ಮಾತು ಹೊಸದಲ್ಲ. ದೇವದುರ್ಗದಿಂದ, ಮಾನ್ವಿಯಿಂದ ಐವತ್ತು ಕಿಲೋಮೀಟರ್ ಆಸುಪಾಸು ಆಂಬುಲೆನ್ಸಿನಲ್ಲಿ ಬಂದವರು ಆ ಹೊತ್ತಿನಲ್ಲಿ ಪ್ರಶ್ನೆ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ಅವರ ಪರವಾಗಿ ಈಗ ಕೇಳುತ್ತೇವೆ: ಆ ಪೈಪ್ ಇಳಿಸುವ ಸೂಜಿಯನ್ನು ನೋಡಿಕೊಂಡು ಹಾಕುತ್ತಾರೋ, ಅಂದಾಜಿನ ಮೇಲೋ?

ಬಿಪಿ ಕುಸಿದ ರೋಗಿಗೆ ಕೊಡುವ ಜೋರಿನ ಔಷಧಗಳನ್ನು ದಿನಗಟ್ಟಲೆ ಕೈಯ ಸಣ್ಣ ರಕ್ತನಾಳದಲ್ಲಿ ಹರಿಸುವುದು ಅಪಾಯ. ಹೊರಗೆ ಸೋರಿದರೆ ಚರ್ಮ, ಮಾಂಸ ಕೊಳೆಯಬಹುದು. ಅದಕ್ಕೇ ಕುತ್ತಿಗೆಯ ಅಥವಾ ತೊಡೆಸಂದಿಯ ದೊಡ್ಡ ಅಭಿಧಮನಿಗೆ ಕೊಳವೆ ಇಳಿಸುತ್ತಾರೆ. ಸೆಂಟ್ರಲ್ ಲೈನ್ ಎನ್ನುವುದು ಇದನ್ನೇ. ಕುತ್ತಿಗೆಯಲ್ಲಿ ಆ ಅಭಿಧಮನಿಯ ಮಗ್ಗುಲಿಗೇ ಮಿದುಳಿಗೆ ರಕ್ತ ಒಯ್ಯುವ ಅಪಧಮನಿ, ತುಸು ಕೆಳಗೆ ಶ್ವಾಸಕೋಶದ ತುದಿ. ಸೂಜಿ ತಪ್ಪಿದರೆ ಒಂದೋ ಕುತ್ತಿಗೆಯೊಳಗೆ ರಕ್ತ ತುಂಬಿ ಊದುತ್ತದೆ, ಇಲ್ಲವೇ ಎದೆಯೊಳಗೆ ಗಾಳಿ ಸೇರಿ ಉಸಿರು ಕಟ್ಟುತ್ತದೆ.

ನಮ್ಮ ಕಡೆ ಈ ಮಂಚಗಳ ಮೇಲೆ ಮಲಗುವವರು ಯಾರು? ಹತ್ತಿ, ಮೆಣಸಿನಕಾಯಿ ಬೆಳೆಗೆಂದು ತಂದ ಕೀಟನಾಶಕ ಕುಡಿದವರು, ಗದ್ದೆಯಲ್ಲಿ ಹಾವು ಕಚ್ಚಿದ ಕೂಲಿಯಾಳುಗಳು, ಡೆಂಗಿ ಬಿಗಡಾಯಿಸಿದ ಮಕ್ಕಳು, ಹೆರಿಗೆಯಲ್ಲಿ ರಕ್ತ ಹೋದ ಬಾಣಂತಿಯರು. ಕೊಳಕುಮಂಡಲ ಹಾವಿನ ವಿಷ ಏರಿದವರ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿರುತ್ತದೆ. ಇಂಥವರಿಗೆ ಒಂದು ತಪ್ಪು ಚುಚ್ಚು ಸಾಕು. ರಕ್ತ ಹೋಗಿ ಬಳಲಿದ ಮೈಯಲ್ಲಂತೂ ಅಭಿಧಮನಿ ಚಪ್ಪಟೆಯಾಗಿ, ಎಲ್ಲಿದೆ ಎಂಬ ಸುಳಿವನ್ನೇ ಕೊಡುವುದಿಲ್ಲ.

ಉಪಾಯ ಇಲ್ಲದಿಲ್ಲ. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಪ್ರೋಬನ್ನು ಕುತ್ತಿಗೆಯ ಮೇಲಿಟ್ಟರೆ ಪರದೆಯ ಮೇಲೆ ಎರಡು ಕಪ್ಪು ವೃತ್ತ ಕಾಣುತ್ತವೆ. ಮೆಲ್ಲಗೆ ಒತ್ತಿದಾಗ ಚಪ್ಪಟೆಯಾಗುವುದು ಅಭಿಧಮನಿ. ದುಂಡಗೇ ಉಳಿದು ಮಿಡಿಯುವುದು ಅಪಧಮನಿ, ಅದರ ತಂಟೆಗೆ ಹೋಗಬಾರದು. ಸೂಜಿ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಡಾಕ್ಟರು ನೋಡುತ್ತಲೇ ಹಾಕಬಹುದು. ಬ್ರಿಟನ್ನಿನಲ್ಲಿ ಕುತ್ತಿಗೆಯ ಲೈನಿಗೆ ಇದೇ ವಿಧಾನ ಮೇಲು ಎಂಬ ಮಾರ್ಗಸೂಚಿ 2002ರಲ್ಲೇ ಬಂತು. ನಮ್ಮಲ್ಲಿ ಇಂದಿಗೂ ಇದನ್ನು ಶ್ರೀಮಂತರ ಸೌಕರ್ಯ ಎಂಬಂತೆ ನೋಡುತ್ತಾರೆ.

ರಾತ್ರಿ ಪಾಳಿಯ ಡಾಕ್ಟರನ್ನು ಬೈದು ಫಲವಿಲ್ಲ. ಮಷೀನು ಕೊಟ್ಟಿಲ್ಲ, ಕಲಿಸಿಲ್ಲ. ಹೆಚ್ಚುಕಡಿಮೆಯಾದರೆ ಮಂದಿ ಹಿಡಿಯುವುದು ಮಾತ್ರ ಅವರ ಕೊರಳಪಟ್ಟಿಯನ್ನೇ.

ಐಸಿಯುಗೆ ಮಷೀನು ಯಾಕಿಲ್ಲ ಎಂದು ಕೇಳಿದರೆ ಸಿಗುವ ಸಿದ್ಧ ಉತ್ತರ ಒಂದಿದೆ. ಮಷೀನು ಗರ್ಭಿಣಿಯರ ಸ್ಕ್ಯಾನಿಂಗ್ ಕೋಣೆಯಲ್ಲಿದೆ, ಲಿಂಗಪತ್ತೆ ತಡೆ ಕಾಯ್ದೆಯಿದೆ, ಅಲ್ಲಾಡಿಸುವಂತಿಲ್ಲ. 1994ರ ಆ ಕಾಯ್ದೆ ಹೆಣ್ಣುಕೂಸು ಉಳಿಯಲೆಂದು ಬಂದದ್ದು. ಅದು ಸಡಿಲವಾಗಲಿ ಎಂದು ನಾವಾರೂ ಕೇಳುತ್ತಿಲ್ಲ. ಆದರೆ ನೋಂದಣಿಯಾದ ಪೋರ್ಟಬಲ್ ಮಷೀನನ್ನು ಅದೇ ಆಸ್ಪತ್ರೆಯ ಆವರಣದಲ್ಲಿ ಒಳರೋಗಿಗಳಿಗೆ ಬಳಸಬಹುದು ಎಂದು 2012ರಲ್ಲಿ ಸೇರಿಸಿದ ನಿಯಮವೇ ಹೇಳುತ್ತದೆ. ಐಸಿಯು ರೋಗಿ ಒಳರೋಗಿಯಲ್ಲದೆ ಮತ್ತೇನು? ಕಾಯ್ದೆ ಬಿಟ್ಟ ದಾರಿಯನ್ನು ಕಡತ ಕಟ್ಟಿ ಹಾಕಿದೆ.

ಮನವಿ ಕೊಟ್ಟರೆ ಸ್ವೀಕೃತಿಯ ಮೊಹರು ಬೀಳುತ್ತದೆ. ಆಮೇಲೆ ಮಾತಿಲ್ಲ. ಕುರ್ಚಿಯಲ್ಲಿದ್ದವರು ವರ್ಗವಾದರೆ ಮತ್ತೆ ಮೊದಲಿನಿಂದ. ಇಲ್ಲ ಎಂದಾದರೂ ಹೇಳಿದ್ದರೆ ಬೇರೆ ಬಾಗಿಲು ಬಡಿಯಬಹುದಿತ್ತು. ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಬಂದು ದಶಕ ದಾಟಿದ ಜಿಲ್ಲೆ ಒಂದು ಪ್ರೋಬಿಗಾಗಿ ಇನ್ನೂ ಕೈಚಾಚಿ ನಿಲ್ಲಬೇಕೇ?

ನಾವು ಕೇಳುವುದು ಅರಮನೆಯಲ್ಲ. ಐಸಿಯುಗೆಂದೇ ನೋಂದಾಯಿಸಿದ ಒಂದು ಪೋರ್ಟಬಲ್ ಮಷೀನು, ರಾತ್ರಿಯೂ ಕೈಗೆ ಸಿಗುವಂತೆ. ಪಾಳಿಯ ಡಾಕ್ಟರುಗಳಿಗೆ ತರಬೇತಿ. ದೇವದುರ್ಗ, ಮಾನ್ವಿಯಲ್ಲಿ ಬಿಪಿ ಏರಿಸುವ ಔಷಧವನ್ನು, ದಾರಿಯ ಮಟ್ಟಿಗೆ, ಕೈಯ ಒಳ್ಳೆಯ ರಕ್ತನಾಳದಲ್ಲಿ ಶುರುಮಾಡಿಯೇ ಆಂಬುಲೆನ್ಸ್ ಹತ್ತಿಸುವ ಏರ್ಪಾಡು. ಸಹಿ ಹಾಕಿಸುವಾಗ ಯಾವ ವಿಧಾನದಲ್ಲಿ ಹಾಕುತ್ತಾರೆಂದು ಮನೆಯವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದು. ಸೂಜಿ ತಪ್ಪಿದ್ದೆಷ್ಟು ಎಂಬ ಲೆಕ್ಕದ ಪುಸ್ತಕ.

ಇದಾವುದೂ ಆಗದಿದ್ದರೆ, ಮಷೀನಿನ ನೋಂದಣಿಯ ಅರ್ಜಿ ಹೋದದ್ದು ಯಾವಾಗ, ಈಗ ಯಾರ ಮೇಜಿನ ಮೇಲಿದೆ ಎಂಬುದನ್ನಾದರೂ ಆಸ್ಪತ್ರೆಯ ಸೂಚನಾ ಫಲಕದಲ್ಲಿ ಬರೆಯಿರಿ.

ಇಂತಿ,
ರಾಯಚೂರಿನ ಒಬ್ಬ ನಾಗರಿಕ